ಕಂಡಕ್ಟರಮ್ಮನ ಹೂವಿನ ಕಪ್ಪುಗಳು

ಕಂಡಕ್ಟರಮ್ಮ ಕೆಲಸದಲ್ಲಿದ್ದಷ್ಟು ಕಾಲವೂ ಚಹಾ ಕುಡಿದದ್ದು ನಿಂತೇ. ಬಸ್ ನಿಲ್ದಾಣದ ಗೂಡಂಗಡಿ, ಕಾಗದದ ಲೋಟ, ಒಂದು ಕಣ್ಣು ಡ್ರೈವರ್ ಮೇಲೆ. ಅವನು ಹಾರ್ನ್ ಹೊಡೆದನೋ, ಬಾಯಿ ಸುಟ್ಟುಕೊಂಡು ಓಡಬೇಕು. ಹಾಗಾಗಿ ನಿವೃತ್ತಿಯಾದ ಮಾರನೆಯ ದಿನ ಅವಳು ನೇರವಾಗಿ ಹೋದದ್ದು ಹಳೇ ಸಾಮಾನಿನ ಅಂಗಡಿಗೆ. ಇಂಗ್ಲೆಂಡಿನ ಒಂದು ಪಿಂಗಾಣಿ ಕಪ್ಪು ತಂದಳು. ಮೈತುಂಬ ಗುಲಾಬಿ, ಅಂಚಿಗೆ ಚಿನ್ನದ ಗೆರೆ, ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುವಷ್ಟು ತೆಳು. ಕುರ್ಚಿ ಎಳೆದುಕೊಂಡು, ಕಾಲು ಚಾಚಿ ಕೂತು ಕುಡಿದಳು. ಆಹಾ, ಚಹಾ ಅಂದರೆ ಅದು.

ರುಚಿ ಹತ್ತಿದ ಮೇಲೆ ಕೇಳಬೇಕೆ? ನೇರಳೆ ಹೂವಿನದು ಬಂತು, ನೀಲಿ ಬಳ್ಳಿಯದು ಬಂತು. ಒಂದಕ್ಕೊಂದು ಜೋಡಿಯಿಲ್ಲ, ಕಪ್ಪಿನ ಮನೆತನವೇ ಬೇರೆ, ತಟ್ಟೆಯ ಮನೆತನವೇ ಬೇರೆ. ಕೊನೆಗೆ ಊರಾಚೆಯ ಅಂಗಡಿಯಲ್ಲಿ ಒಂದು ಟೀಪಾಟ್ ಸಿಕ್ಕಿತು. "ಲಗೇಜು ತೊಡೆ ಮೇಲೆ ಇಟ್ಕೊಳ್ಳಿ" ಎಂದು ಜನ್ಮವಿಡೀ ಊರಿಗೆಲ್ಲ ಗದರಿದ ಹೆಂಗಸು, ಅದಕ್ಕೊಂದು ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂರಿಸಿಕೊಂಡು ಬಂದಳು. ಬಸ್ಸಿನ ಹೊಸ ಕಂಡಕ್ಟರ್ ನಕ್ಕ.

"ನಗಪ್ಪಾ, ನಗು. ನಿಂಗೂ ಒಂದು ದಿನ ರಿಟೈರ್ ಆಗುತ್ತೆ" ಎಂದಳು.

ಆಮೇಲೆ ಬಲಗೈ ನಡುಗಲು ಶುರುವಾಯಿತು. ಸುದ್ದಿ ತಮ್ಮನ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ಹೆಂಡತಿಯನ್ನೂ ಸಾಮಾನಿನ ವ್ಯಾನನ್ನೂ ಕರೆದುಕೊಂಡು ಬಂದೇಬಿಟ್ಟ.

"ಅಕ್ಕಾ, ಹಟ ಸಾಕು. ನಮ್ಮನೇಲಿ ಬಂದು ಇರು. ಈ ಪಿಂಗಾಣಿ ಎಲ್ಲ ಅಟ್ಟಕ್ಕೆ ಹಾಕೋಣ. ನಿಂಗೆ ಸ್ಟೀಲ್ ಲೋಟ ಇದೆ, ಬಿದ್ರೂ ಒಡೆಯಲ್ಲ."

ತಮ್ಮ ಕೆಟ್ಟವನಲ್ಲ, ತೊಂದರೆಯೇ ಅದು. ಕೆಟ್ಟವನಾಗಿದ್ದರೆ ಬೈದು ಅಟ್ಟಬಹುದಿತ್ತು. ಒಮ್ಮೆ ಆ ಮನೆಯ ಮೂಲೆ ಸೇರಿದರೆ ತನ್ನ ಕುರ್ಚಿ, ತನ್ನ ಒಲೆ, ತನ್ನ ಬಾಗಿಲ ಬೀಗದಕೈ, ಎಲ್ಲವೂ ಅಟ್ಟಕ್ಕೇ. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು.

ಅಷ್ಟರಲ್ಲಿ ತಮ್ಮನ ಹೆಂಡತಿ ಕಪ್ಪುಗಳನ್ನು ಒಂದರೊಳಗೊಂದು ತುರುಕಿ ಪೇಪರ್ ಸುತ್ತುತ್ತಿದ್ದಳು. ಟಣ್ ಎಂದಿತು. ನೇರಳೆ ಹೂವಿನ ಕಪ್ಪಿನ ಹಿಡಿ ಅವಳ ಕೈಯಲ್ಲೇ ಉಳಿಯಿತು.

"ಅಯ್ಯೋ ಅತ್ತಿಗೆ, ಗೊತ್ತಾಗಲಿಲ್ಲ..."

"ಇರಲಿ ಬಿಡಮ್ಮ. ಈ ಮನೇಲಿ ಒಡೆದ ಮೊದಲನೇ ಕಪ್ಪು ಇದು. ನಡುಗೋ ಕೈಯಿಂದಂತೂ ಒಡೀಲಿಲ್ಲ, ನೋಡು."

ಇಬ್ಬರನ್ನೂ ಕೂರಿಸಿ ತಾನೇ ಚಹಾ ಮಾಡಿದಳು. ತರುವಾಗ ಕಪ್ಪು ತಟ್ಟೆಯ ಮೇಲೆ ಗಲಗಲ ಅನ್ನುತ್ತಿತ್ತು. ಹಿಡಿದುಕೊಳ್ಳಲು ತಮ್ಮ ಎದ್ದ.

"ಕೂತ್ಕೋ."

ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುತ್ತಿದ್ದ ದನಿ ಅದು. ಅವನು ತೆಪ್ಪಗೆ ಕೂತ. ಕಪ್ಪು ಅವನ ಮುಂದೆ ಬಂತು. ತಟ್ಟೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಬರೀ ಅರ್ಧ ಹಾಕಿದೀಯಲ್ಲ ಅಕ್ಕಾ."

"ತುಂಬ ಹಾಕಿದ್ರೆ ಚೆಲ್ಲುತ್ತೆ. ಅದನ್ನ ಕುಡಿ, ಇನ್ನರ್ಧ ಹಾಕ್ತೀನಿ. ನಾನೂ ಹಾಗೇ ಕುಡಿಯೋದು. ನಂಗೇನು ಈಗ ಬಸ್ ಹೊರಡ್ತಿದೆಯಾ?"

ತಮ್ಮ ಕಪ್ಪು ಖಾಲಿ ಮಾಡಿ, ಇನ್ನರ್ಧಕ್ಕೆ ತಾನಾಗಿಯೇ ಮುಂದೆ ಚಾಚಿದ.

ಹೊರಡುವಾಗ ಅವಳೂ ಬೀದಿಗೆ ಬಂದಳು. ಆ ನಡುಗುವ ಕೈಯಿಂದಲೇ ವ್ಯಾನಿನ ತಗಡಿಗೆ ಎರಡು ಬಾರಿ ಬಡಿದಳು.

"ರೈಟ್, ರೈಟ್!"

ವ್ಯಾನು ಖಾಲಿಯಾಗಿ ಹೊರಟಿತು. ಅವಳು ಒಳಗೆ ಹೋಗಿ, ಕಾಲು ಚಾಚಿ ಕೂತು, ತನ್ನ ಕಪ್ಪಿಗೂ ಇನ್ನರ್ಧ ಬಗ್ಗಿಸಿಕೊಂಡಳು.