ಉಣ್ಣದೆ ಬಂದ ಡಬ್ಬಿ

ಮಧುಗಿರಿಯ ಟೈಲರ್ ಕುಮಾರಸ್ವಾಮಿಗೆ ಮೂಗಿನ ತುದಿಯಲ್ಲೇ ಕೋಪ. ಹೆಂಡತಿ ಲೋಹಿತಾ ಬಸ್ ಕಂಡಕ್ಟರ್ ಆದಂದಿನಿಂದ ಬೆಳಗಿನ ಅಡುಗೆ ಅವನದೇ. ಗಂಡಸಾಗಿ ಹೆಂಡತಿಗೆ ಡಬ್ಬಿ ಕಟ್ಟುತ್ತಾನೆಂದು ಬೀದಿಯವರು ಆಡಿಕೊಂಡರೆ, "ನಿಮ್ಮನೆ ಅಕ್ಕಿನ ಬೇಯಿಸ್ತಿದ್ದೀನೇನ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಆದರೆ ಈಚೆಗೆ ಆ ಡಬ್ಬಿ ಕಟ್ಟಿದ ಹಾಗೇ ಸಂಜೆ ಮನೆಗೆ ಮರಳತೊಡಗಿತು. ಕೇಳಿದರೆ ಲೋಹಿತಾ, "ಹಸಿವಿರ್ಲಿಲ್ಲ ಕಣ್ರೀ" ಎನ್ನುತ್ತಿದ್ದಳು. ಬೆಳಗಿನಿಂದ ತುಂಬಿದ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಡುವವಳಿಗೆ ಹಸಿವಿಲ್ಲವೆಂದರೆ ಯಾರು ನಂಬಬೇಕು? ತನ್ನ ಕೈರುಚಿಯೇ ಕೆಟ್ಟಿತೆಂದುಕೊಂಡು ಅವನು ಚಪಾತಿ ಬಿಟ್ಟು ಚಿತ್ರಾನ್ನ ಮಾಡಿದ, ಕಡ್ಲೆಕಾಯಿ ಚಟ್ನಿ ರುಬ್ಬಿದ. ಅದೂ ಹಳಸಿಯೇ ಬಂತು. ಅನ್ನವನ್ನು ಬೈದುಕೊಳ್ಳುತ್ತಲೇ ತಿಪ್ಪೆಗೆ ಸುರಿದ.

ಕೊನೆಗೊಂದು ದಿನ ಅಂಗಡಿ ಮುಚ್ಚಿ ಅವಳದೇ ಬಸ್ ಹತ್ತಿದ. ಪಾವಗಡ ದಾಟಿ ಗಡಿ ಕಡೆಯ ಕೊನೆಯ ನಿಲ್ದಾಣ ತಲುಪುವಾಗ ಮಧ್ಯಾಹ್ನ ಜಾರಿತ್ತು. ಅಲ್ಲಿ ಸಿಬ್ಬಂದಿಗೆ ಊಟದ ಬಿಡುವು ಉಂಟು, ಬರೀ ಹೆಸರಿಗೆ. ಲೋಹಿತಾ ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದ್ದೇ ತಡ, ನಿಲ್ದಾಣದ ಕಂಟ್ರೋಲರ್ ಬಂದು ಕಿಟಕಿ ಬಡಿದ.

"ಬಸ್ಸು ಲೇಟಾಗೈತೆ. ಹೊರಡಮ್ಮ, ಆಮ್ಯಾಕೆ ಉಣ್ಣುವಂತೆ."

ಅವಳು ಮುಚ್ಚಳ ಒತ್ತಿ, ಸೀಟಿ ಬಾಯಿಗಿಟ್ಟಳು. ಆಮೇಲೆ ಎಂದರೆ ಯಾವಾಗ? ರಸ್ತೆ ಹಾಳಾಗಿ ಬಸ್ ತಡವಾದರೆ ಇವಳ ಹೊಟ್ಟೆ ದಂಡ ತೆರಬೇಕೇ? ಕುಮಾರಸ್ವಾಮಿ ಎದ್ದವನೇ ಸೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಕಂಡಕ್ಟರ್ ಸೀಟಿ ಊದದೆ ಬಸ್ ಕದಲುವಂತಿಲ್ಲ.

"ಉಣ್ಣೇ ಮೊದ್ಲು," ಎಂದ.

"ಬುಡ್ರೀ, ಜನ ನೋಡ್ತವ್ರೆ."

"ನೋಡ್ಲಿ. ದಿನಾ ಉಪಾಸ ಇದ್ದಾಗ ಯಾರ್ ನೋಡಿದ್ರು?"

ಹಿಂದೆ ಕೂತವರಾರೋ ಗೊಣಗಿದರು. ಡ್ರೈವರ್ ಉಮರ್ ಮಾತ್ರ ಎಂಜಿನ್ ಆರಿಸಿ, ಕಾಲ ಬಳಿಯಿದ್ದ ಚೀಲದಿಂದ ತನ್ನ ಡಬ್ಬಿಯನ್ನೂ ತೆಗೆದ. ಅವನದೂ ದಿನಾ ಹಾಗೇ ವಾಪಸ್ ಹೋಗುತ್ತಿತ್ತಂತೆ.

ಲೋಹಿತಾ ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ಗಬಗಬನೆ ತಿಂದಳು. ಅಷ್ಟು ಹಸಿದಿದ್ದಳು.

ಹೊರಗೆ ಕಂಟ್ರೋಲರ್ ಕೂಗಾಡುತ್ತಿದ್ದ: "ಈಯಮ್ಮನ ಮ್ಯಾಲೆ ರಿಪೋರ್ಟ್ ಬರೀತೀನಿ!"

"ಬರಿ ಸ್ವಾಮಿ," ಎಂದ ಕುಮಾರಸ್ವಾಮಿ. "ಕಂಡಕ್ಟರು ಊಟದ ಹೊತ್ನಾಗೆ ಊಟ ಮಾಡಿದ್ಲು ಅಂತ ಬರಿ. ಕೆಳಗೆ ನಿನ್ನ ಸೈನೂ ಹಾಕು."