ಅಂಗುಳದ ಕಲೆ

ಉಬಾಲ್ದಿನಾ ಕಾರ್ತಹೇನಾ ಪಟ್ಟಣದ ಹೊರಗಿನ ಕಾಲುವೆಯಲ್ಲಿ ನಲವತ್ತು ವರ್ಷ ಊರವರ ಬಟ್ಟೆ ಒಗೆದು ಬದುಕಿದವಳು. ಚುಟ್ಟಾ ಸೇದುವುದನ್ನು ತಾಯಿಯಿಂದ ಕಲಿತಳು. ಆ ದಡದ ಹೆಂಗಸರೆಲ್ಲ ಸೇದುವಂತೆ, ಉರಿಯುವ ತುದಿ ಬಾಯೊಳಗೆ. ಎರಡೂ ಕೈ ನೀರಿನಲ್ಲಿರುವಾಗ ಕೆಂಡ ಗಾಳಿಗೆ ಆರುವುದಿಲ್ಲ, ಬೂದಿ ಬಿಳಿ ಬಟ್ಟೆಯ ಮೇಲೆ ಉದುರುವುದಿಲ್ಲ. ಮಗಳು ನೆರೇಯ್ದಾ ಪಕ್ಕದ ಕಲ್ಲಿನಲ್ಲಿ ಬಟ್ಟೆ ಬಡಿಯುತ್ತ ಹಾಗೆಯೇ ಸೇದುತ್ತಿದ್ದಳು.

ಒಂದು ದಿನ ಉಬಾಲ್ದಿನಾಳ ಅಂಗುಳದಲ್ಲಿ ಉಗುರಿನಷ್ಟು ಬಿಳಿ ಕಲೆ ಕಂಡ ಊರ ನರ್ಸಮ್ಮ, ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಲು ಅಲ್ಲಿಂದ ಒಂದು ಚೂರು ತೆಗೆಯಬೇಕೆಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು. ಉಬಾಲ್ದಿನಾಳಿಗೆ ಜೀವವೇ ಹಾರಿಹೋದಂತಾಯಿತು. ಆದರೆ ಭಯಕ್ಕಿಂತ ನಾಚಿಕೆ ದೊಡ್ಡದಿತ್ತು. ಕಲೆಯಿರುವ ಬಟ್ಟೆಯನ್ನು ಗಿರಾಕಿಗೆ ಕೊಟ್ಟವಳಲ್ಲ, ಕಲೆಯಿರುವ ಬಾಯನ್ನು ಡಾಕ್ಟರಿಗೆ ತೋರಿಸಿಯಾಳೆ? ಪುಣ್ಯಾತ್ಗಿತ್ತಿ ಮೂರು ದಿನ ಕೂತು ಅಂಗುಳವನ್ನು ಉಜ್ಜಿದಳು.

"ಏನಮ್ಮಾ ಇದು, ಬಾಯಿಗೇನ್ ಹಾಕ್ಕೊಂಡ್ರಿ?" ದೊಡ್ಡಾಸ್ಪತ್ರೆಯ ಡಾಕ್ಟರು ಬೆಚ್ಚಿಬಿದ್ದರು.

"ನಿಂಬೆಹಣ್ಣು, ಉಪ್ಪು, ಬೂದಿ. ಕಲೆ ಹೋಯ್ತಲ್ವಾ?"

"ಕಲೆ ಜತೆ ಚರ್ಮಾನೂ ಹೋಗಿದೆ! ಈ ಹಸಿ ಗಾಯದಲ್ಲಿ ಎಲ್ಲಿಂದ ಚೂರು ತೆಗೀಲಿ? ಮೂರು ವಾರ ಬಿಟ್ಟು ಬನ್ನಿ. ಅಲ್ಲೀವರ್ಗೂ ಬಾಯೊಳಗೆ ಬೆಂಕಿ ಇಡ್ಬೇಡಿ."

ಕಾಲುವೆಗೆ ಮರಳಿದ ಅವಳು ಚುಟ್ಟಾ ಇಲ್ಲದೆಯೇ ಬಟ್ಟೆ ಬಡಿಯತೊಡಗಿದಳು.

"ಒಂದೇ ದಮ್ ಎಳಿಯಮ್ಮಾ, ಡಾಕ್ಟ್ರೇನು ಮರದ ಮೇಲೆ ಕೂತು ನೋಡ್ತಿದಾರಾ?" ಎಂದಳು ನೆರೇಯ್ದಾ.

"ಮುಚ್ಕೊಂಡು ಬಟ್ಟೆ ಒಗಿಯೇ."

ಗಾಯ ಮಾಯಿತು. ಕಲೆ ಮಾತ್ರ ಅದೇ ಜಾಗದಲ್ಲಿ ಮತ್ತೆ ಎದ್ದಿತು, ಈ ಸಲ ಅಂಚು ಗಟ್ಟಿಯಾಗಿತ್ತು.

ಮೂರು ವಾರದ ಮೇಲೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಬಾಯಿ ಮರಗಟ್ಟಿತು. ಎಳೆದ ಹಾಗಾಯಿತೇ ಹೊರತು ನೋವಾಗಲಿಲ್ಲ. ಕಡಲೆಬೇಳೆಯಷ್ಟು ಚೂರು ಶೀಷೆಗಿಳಿಯಿತು, ಅಂಗುಳಕ್ಕೆ ಎರಡು ಹೊಲಿಗೆ ಬಿದ್ದವು. ಬಿಸಿ, ಖಾರ ಯಾವುದೂ ಬೇಡ ಎಂದರು.

"ಇಷ್ಟೇನಾ?" ಎಂದಳು ತೊದಲುತ್ತ.

"ಕತ್ತರಿಸೋದು ಇಷ್ಟೇ ಅಮ್ಮಾ. ಕಾಯೋದೇ ಕಷ್ಟ."

ಹನ್ನೆರಡು ದಿನ ಆರಿದ ಮರಗೆಣಸಿನ ಗಂಜಿ ಕುಡಿದು ಕಾದಳು. ಹದಿಮೂರನೆಯ ದಿನ ಡಾಕ್ಟರು ಮಗಳನ್ನೂ ಕೂರಿಸಿಕೊಂಡು ಹೇಳಿದರು. ಅದು ಕ್ಯಾನ್ಸರೇ. ಅರ್ಧ ಅಂಗುಳ ತೆಗೆಯಬೇಕು, ಮಾತು ಮೊದಲಿನ ಹಾಗಿರುವುದಿಲ್ಲ, ಉಳಿಯುವ ಭರವಸೆಯನ್ನೂ ಕೊಡಲಾರೆ ಎಂದರು.

ನೆರೇಯ್ದಾ ಬಿಕ್ಕಿಬಿಕ್ಕಿ ಅತ್ತಳು. ಉಬಾಲ್ದಿನಾ ಅಳಲಿಲ್ಲ.

"ಅಷ್ಟು ಉಜ್ಜಿದ ಮೇಲೂ ಮತ್ತೆ ಮೂಡಿದಾಗಲೇ ಗೊತ್ತಾಯ್ತು ಡಾಕ್ಟ್ರೇ. ಅದು ಮೇಲ್ಗಡೆ ಕಲೆ ಅಲ್ಲ, ನೂಲಿಗೇ ಇಳಿದಿದೆ."

ಆಮೇಲೆ ಮಗಳತ್ತ ತಿರುಗಿ ಗಲ್ಲ ಹಿಡಿದಳು. "ಬಾಯ್ ತೆಗಿ."

ನೆರೇಯ್ದಾ ತುಟಿ ಬಿಗಿದು ತಲೆಯಾಡಿಸಿದಳು.

"ತೆಗಿಯೇ! ಡಾಕ್ಟ್ರು ಇಲ್ಲೇ ಇದಾರೆ."

ಕೊನೆಗೂ ಬಾಯಿ ತೆರೆಯಿತು. ಡಾಕ್ಟರು ದೀಪ ಹಿಡಿಯುವ ಮೊದಲೇ ತಾಯಿಯ ಮೂಗಿಗೆ ನಿಂಬೆಹಣ್ಣಿನ ವಾಸನೆ ಬಡಿಯಿತು. ಮಗಳ ಅಂಗುಳ ಉಜ್ಜಿ ಉಜ್ಜಿ ಕೆಂಪಗೆ ಸುಲಿದುಹೋಗಿತ್ತು.