ಬೆರಿಲ್‌ಳ ನಡುವಿನ ಅಳತೆ

ಸೋಫಾಗೆ ಬಟ್ಟೆ ಹೊದಿಸುವುದರಲ್ಲಿ ಇಡೀ ಲಿಂಕನ್ ಊರಿನಲ್ಲಿ ಟ್ರೆವರನನ್ನು ಮೀರಿಸುವವರಿರಲಿಲ್ಲ. ಹೆಂಡತಿಯ ಎದುರು ನಿಂತು ಒಂದು ಮಾತು ಕೇಳುವುದರಲ್ಲಿ ಮಾತ್ರ ಅವನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ಊರಿನ ಕುರ್ಚಿಗಳಿಗೆಲ್ಲ ಅಂಗಿ ತೊಡಿಸಿ ನಿವೃತ್ತನಾದ ಮನುಷ್ಯ. ಕುರ್ಚಿಗಳು ಎದುರು ಮಾತಾಡುವುದಿಲ್ಲ, ಪುಣ್ಯ. ಬೆರಿಲ್ ಆಡುತ್ತಾಳೆ.

ಪ್ರತಿ ಆಗಸ್ಟಿನ ಕೊನೆಗೆ ಕೋಟೆಯ ಮುಂದೆ ವೇಷದವರ ಕೂಟ ಸೇರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಉದ್ದ ಟೋಪಿ, ಹಿತ್ತಾಳೆಯ ಚಕ್ರ ಅಂಟಿಸಿದ ಕನ್ನಡಕ, ನೆಲ ಗುಡಿಸುವ ಲಂಗ. ಬ್ಯಾಂಕಿನವಳು, ಬಸ್ಸಿನವನು, ಎಲ್ಲರೂ ಅಲ್ಲಿ ದೊರೆ, ದೊರೆಸಾನಿಗಳೇ. ಟ್ರೆವರ್ ಹೊಲಿದ ಕಾರ್ಸೆಟ್ಟನ್ನು, ಅಂದರೆ ಲಾಡಿ ಎಳೆದು ಕಟ್ಟುವ ಗಟ್ಟಿ ಕುಪ್ಪಸವನ್ನು, ನಡುವಿಗೆ ಬಿಗಿದು ಹೊರಟರೆ ಬೆರಿಲ್ ಆ ಕೂಟದ ಚಹಾ ಕಾಳಗದ ರಾಣಿ. ಇಬ್ಬರು ಎದುರುಬದುರು ಕೂತು ಬಿಸ್ಕತ್ತನ್ನು ಬಿಸಿ ಚಹಾದಲ್ಲಿ ಅದ್ದಿ ಎತ್ತಿ ಹಿಡಿಯಬೇಕು. ಯಾರದು ಮೊದಲು ಕುಸಿಯಿತೋ ಅವರು ಸೋತರು. ಎದುರಾಳಿ ನಗು ತಡೆಯಲಾರದೆ ಮಡಿಲ ಮೇಲೆ ಬೀಳಿಸಿಕೊಳ್ಳುವವರೆಗೂ ಇವಳು ಹುಬ್ಬು ಕುಣಿಸುತ್ತ ಕೂತಿರುತ್ತಿದ್ದಳು.

ಆಮೇಲೆ ಕೀಲುನೋವು ಬಂತು. ಅದಕ್ಕೆ ಕೊಟ್ಟ ಮಾತ್ರೆ ನೋವನ್ನು ಇಳಿಸಿತು, ಮೈಯನ್ನು ಊದಿಸಿತು. ಹೋದ ವರ್ಷ ಕೂಟದ ಬೆಳಿಗ್ಗೆ ಬೆನ್ನ ಹಿಂದಿನ ಲಾಡಿಯನ್ನು ಪೂರ್ತಿ ಸಡಿಲಿಸಿದರೂ ಕಾರ್ಸೆಟ್ಟಿನ ಮುಂದಿನ ಉಕ್ಕಿನ ಕೊಂಡಿಗಳು ಒಂದಕ್ಕೊಂದು ಸೇರಲಿಲ್ಲ. ಬೆರಿಲ್ ಅದನ್ನು ಮಡಿಸಿ ಹಳೆ ಬಟ್ಟೆ ದಾನದ ಚೀಲಕ್ಕೆ ಹಾಕಿದಳು. ಅಂದಿನಿಂದ ಮನೆಯಲ್ಲಿ ಅಳತೆ ಟೇಪಿನ ಹೆಸರೆತ್ತುವಂತಿಲ್ಲ. ಬೇಸಿಗೆಯಲ್ಲೂ ದೊಗಳೆ ಉಣ್ಣೆ ಸ್ವೆಟರು. ಗೆಳತಿಯರು ಫೋನು ಮಾಡಿದರೆ, "ನಾನಿಲ್ಲ ಅನ್ನು." ಅಂಗಡಿಗೂ ಅವನೇ ಹೋಗಬೇಕು. ಅಷ್ಟು ನಗುತ್ತಿದ್ದ ಹೆಂಗಸು ಹೀಗೆ ಮಂಕಾಗಿ ಕೂತದ್ದನ್ನು ನೋಡಿದರೆ ಅವನಿಗೆ ಅಳುವೇ ಬರುತ್ತಿತ್ತು.

ಈ ವರ್ಷ ಹೊಸದೊಂದನ್ನು ಹೊಲಿದೇ ಬಿಡುತ್ತೇನೆ ಅಂದುಕೊಂಡ. ಇದೂ ಚಿಕ್ಕದಾದರೆ ಅವಳು ಮತ್ತೆಂದೂ ಹೊಸ್ತಿಲು ದಾಟುವುದಿಲ್ಲ, ಅದೂ ಅವನಿಗೆ ಗೊತ್ತು. ಆದರೆ ಅಳತೆ? ಕೇಳುವ ಧೈರ್ಯ ಯಾರಿಗಿದೆ! ಒಂದು ದಿನ ಅವಳು ಏಪ್ರನ್ ಕಟ್ಟಿಕೊಂಡು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಾಗ, ಅಂಗೈಯಲ್ಲಿ ದಾರ ಮುಚ್ಚಿಟ್ಟುಕೊಂಡು ಹಿಂದಿನಿಂದ ಹೋಗಿ ತಬ್ಬಿಕೊಂಡ.

"ಏನಿದು ಹೊಸ ನಾಟಕ? ಚಹಾಕ್ಕೆ ಏನಾದ್ರೂ ಬೆರೆಸ್ಕೊಂಡ್ಯಾ?"

"ಯಾಕೆ, ನನ್ನ ಹೆಂಡ್ತಿನ ನಾನು ತಬ್ಕೋಬಾರ್ದಾ?"

"ತಬ್ಕೋ ಮಾರಾಯ. ಆದ್ರೆ ಹೊಟ್ಟೆ ಹತ್ರ ಅದೇನು ತಡಕಾಡ್ತಿದೀಯ? ಹೋಗು, ಪಾತ್ರೆ ಒರೆಸು."

ಬಿಗಿದರೆ ಸಿಕ್ಕಿಬೀಳುವ ಭಯಕ್ಕೆ ದಾರವನ್ನು ಸ್ವಲ್ಪ ಸಡಿಲವಾಗಿಯೇ ಸುತ್ತಿದ್ದ. ಸುತ್ತು ಮುಗಿದ ಜಾಗವನ್ನು ಚಿಟಿಕೆಯಲ್ಲಿ ಹಿಡಿದುಕೊಂಡೇ ಹಿತ್ತಲಿನ ಶೆಡ್ಡಿಗೆ ಓಡಿದ. ದಾರದ ಉದ್ದ ನೋಡಿ ಒಂದು ಕ್ಷಣ ಗಾಬರಿಯಾದರೂ, ಎಲ್ಲ ಮಾತ್ರೆಯ ಮಹಿಮೆ ಅಂದುಕೊಂಡ.

ಸೋಫಾಕ್ಕೆ ತಂದು ಉಳಿದಿದ್ದ ಕಡುಗೆಂಪು ಮಕಮಲ್ಲು, ಒಳಗೆ ದಪ್ಪ ಹತ್ತಿ ಬಟ್ಟೆ, ಎರಡರ ನಡುವೆ ಉಕ್ಕಿನ ಪಟ್ಟಿಗಳು. ಲಾಡಿ ಬಿಗಿದಾಗ ಬೆನ್ನಿನ ಮೇಲೆ ಅಂಗೈ ಅಗಲದ ಸಂದು ಉಳಿಯಬೇಕು. ಅಂಚಿಗೆ ಅಂಚು ಕೂಡಿತೋ, ಕಾರ್ಸೆಟ್ ದೊಡ್ಡದಾಯಿತು ಎಂದೇ ಅರ್ಥ. ಆ ಲೆಕ್ಕ ಹಿಡಿದೇ ಕತ್ತರಿಸಿದ.

ಕೂಟಕ್ಕೆ ಒಂದು ವಾರವಿದೆ ಎನ್ನುವಾಗ ಅದನ್ನು ಹಾಸಿಗೆಯ ಮೇಲಿಟ್ಟು, ಮೆಟ್ಟಿಲ ಹತ್ತಿರ ಕಳ್ಳನ ಹಾಗೆ ನಿಂತ.

"ಟ್ರೆವರ್! ಇದ್ಯಾರಿಗೆ?"

"ನಿಂಗೆ."

"ಬೇಡ ಅಂದಿದ್ನಲ್ಲ."

"ಒಂದ್ಸಲ ಹಾಕ್ನೋಡು ಬೆರಿಲ್. ಆಗದಿದ್ರೆ ನಾನೇ ಕತ್ತರಿಸಿ ಕುರ್ಚಿಗೆ ಹೊದಿಸ್ತೀನಿ."

ಅವಳು ಮಕಮಲ್ಲಿನ ಮೇಲೆ ಬೆರಳಾಡಿಸಿ ನೋಡಿದಳು. ಕೊನೆಗೆ ಸ್ವೆಟರು ಕಳಚಿ, ಒಳಗಿನ ತೆಳು ಅಂಗಿಯ ಮೇಲೆ ಕಾರ್ಸೆಟ್ ಸುತ್ತಿಕೊಂಡು, ಕಣ್ಣು ಮುಚ್ಚಿ ಮೊದಲ ಕೊಂಡಿ ಹಾಕಿದಳು. ಕೂತಿತು. ಎರಡನೆಯದೂ ಕೂತಿತು. ಟ್ರೆವರ್ ಹಿಂದೆ ನಿಂತು ಲಾಡಿ ಎಳೆದ, ಮತ್ತೂ ಎಳೆದ. ಅಂಚಿಗೆ ಅಂಚು ಬಂದು ಕೂಡಿತು. ಆದರೂ ಕಾರ್ಸೆಟ್ ಜೋಲುತ್ತಿತ್ತು. ಆಗ ಹೊಳೆಯಿತು ನೋಡಿ ಮಹಾಶಯನಿಗೆ. ಸ್ವೆಟರನ್ನೂ ಏಪ್ರನ್ನನ್ನೂ ಸೇರಿಸಿಯೇ ಅಳೆದಿದ್ದ! ದಿಂಬು ತೆಗೆದಿಟ್ಟು ಸೋಫಾ ಅಳೆಯಬೇಕೆಂಬ ಬುದ್ಧಿ ಹದಿನಾರನೇ ವಯಸ್ಸಿನಲ್ಲಿಯೇ ಇದ್ದ ಮನುಷ್ಯ. ಹೆಂಡತಿಯನ್ನು ಇಷ್ಟು ದಪ್ಪ ಮಾಡಿಟ್ಟ ಮೇಲೆ ಇನ್ನೇನು ಉಳಿಯಿತು?

"ಯಾಕೆ ಸುಮ್ನಾದೆ?" ಅವಳ ದನಿ ಸಣ್ಣಗಾಗಿತ್ತು. "ಸಾಲ್ತಿಲ್ವಾ?"

"ದೊಡ್ಡದಾಯ್ತು ಕಣೇ."

"ಏನಂದೆ?"

"ಸಿಕ್ಕಾಪಟ್ಟೆ ದೊಡ್ಡದಾಯ್ತು. ಆವತ್ತು ಸಿಂಕ್ ಹತ್ರ ಸ್ವೆಟರ್ ಸಮೇತ ಅಳೆದ್ಬಿಟ್ಟೆ."

ಬೆರಿಲ್ ಕಣ್ಣು ತೆರೆದಳು. ಕಾರ್ಸೆಟ್ಟಿನೊಳಗೆ ಒಂದು ಕೈ ತೂರಿಸಿದಳು, ಇನ್ನೊಂದನ್ನೂ ತೂರಿಸಿದಳು. ಎರಡೂ ಕೈ ಹಿಡಿದವು.

"ಅಯ್ಯೋ ಕಳ್ಳ! ನಾನು ಪ್ರೀತಿಯಿಂದ ತಬ್ಕೊಂಡ ಅಂದ್ಕೊಂಡಿದ್ದೆ!"

"ಪ್ರೀತಿನೇ ಕಣೇ, ದೇವರಾಣೆ."

"ಇದರೊಳಗೆ ನಿನ್ನನ್ನೂ ಸೇರಿಸ್ಕೋಬೋದಲ್ಲೋ! ಇಷ್ಟು ದಪ್ಪ ಅಂದ್ಕೊಂಡ್ಯಾ ನನ್ನ?"

ಅಂದವಳೇ ನಕ್ಕಳು. ಹಾಸಿಗೆಯ ಮೇಲೆ ಕುಸಿದು, ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದು ವರ್ಷದಿಂದ ಆ ಮನೆ ಕೇಳದ ನಗು. ಟ್ರೆವರ್ ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಲಾಡಿಯ ತುದಿ ಹಿಡಿದು ನಿಂತೇ ಇದ್ದ.

ನಗು ಇಳಿದ ಮೇಲೆ ಅವಳು ಎದ್ದು ಲಾಡಿ ಸಡಿಲಿಸಿಕೊಂಡು ಕಾರ್ಸೆಟ್ ಕಳಚಿದಳು. ಸ್ವೆಟರಿನ ಕಡೆ ಕೈ ಹೋಗಲಿಲ್ಲ. ಕಪಾಟಿನ ತಳದಲ್ಲಿ ತಾನೇ ಬಚ್ಚಿಟ್ಟಿದ್ದ ಟೇಪನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಎರಡೂ ತೋಳು ಮೇಲೆತ್ತಿ ನಿಂತಳು.

"ಈ ಸಲ ಸರಿಯಾಗಿ ಅಳೆ. ಎಷ್ಟು ಬಂತು ಅಂತ ಗಟ್ಟಿಯಾಗಿ ಹೇಳ್ಬೇಕು."

ಟೇಪನ್ನು ಅವಳ ನಡುವಿಗೆ ಸುತ್ತಿದ. ಎರಡು ಸಲ ಓದಿ ಖಾತ್ರಿ ಮಾಡಿಕೊಂಡ.

"ನಲವತ್ತೊಂದು ಇಂಚು."

ಬೆರಿಲ್ ಉಸಿರು ಬಿಟ್ಟಳು. ತೋಳು ಕೆಳಗಿಳಿಸಲಿಲ್ಲ.

"ಸರಿ. ಅಷ್ಟಕ್ಕೇ ಹೊಲಿ."